ರಶೀದಿ ಕೊಡುವವರೆಗೆ ಏಳುವುದಿಲ್ಲ

ಉದ್ಯೋಗ ಖಾತ್ರಿ ಯೋಜನೆ ನಮ್ಮ ಊರಿನಲ್ಲಿ ಹತ್ತು ವರ್ಷ ಕಾಗದದ ಮೇಲೆ ನಡೆದ ನಂತರ, 2019ರ ಬೇಸಿಗೆಯಲ್ಲಿ ಮೊದಲ ಬಾರಿಗೆ ಕೂಲಿ ಹೆಂಗಸರು ತಾವೇ ಅರ್ಜಿ ಹಾಕಿ, ತಾವೇ ರಶೀದಿ ಪಡೆದು, ತಾವೇ ಗುದ್ದಲಿ ಹಿಡಿದು ಕೆಲಸಕ್ಕೆ ಇಳಿದರು. ಆ ಗುಂಪಿನಲ್ಲಿ ನಾನೂ ಒಬ್ಬಳು. ಪಿಯುಸಿವರೆಗೆ ಓದಿದವಳಾದ್ದರಿಂದ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು; ಮುಂದೆ ಕಾಯಕ ಬಂಧುವಾಗಿ ಹಾಜರಿ ಹಿಡಿಯುವ ಹೊಣೆಯೂ ಬಂತು. ಹಣ, ಹೊಲ, ಜಾತಿಯ ಬಲ, ರಾಜಕೀಯದವರ ಪರಿಚಯ ಯಾವುದೂ ಇಲ್ಲದವರು ಊರಿನಲ್ಲಿ ಬೇರೂರಿದ ಪದ್ಧತಿಯೊಂದನ್ನು ಹೇಗೆ ಬದಲಿಸಿದಿರಿ ಎಂದು ಬೇರೆ ಊರಿನ ಹೆಂಗಸರು ಕೇಳುತ್ತಿರುತ್ತಾರೆ. ನಡೆದದ್ದನ್ನು ನಡೆದ ಹಾಗೆ ಹೇಳುವುದೇ ಅವರಿಗೆ ನಾನು ಕೊಡಬಹುದಾದ ಸರಿಯಾದ ಉತ್ತರವೆಂದು ತಿಳಿದು ಇದನ್ನು ಬರೆಯುತ್ತಿದ್ದೇನೆ.

ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ, ಎರೆಭೂಮಿ ಮುಗಿದು ಕೆಂಪು ಮಣ್ಣಿನ ಅರೆಮಲೆನಾಡು ಶುರುವಾಗುವ ಕಡೆ ನಮ್ಮ ಊರಿದೆ. ಭತ್ತ, ಗೋವಿನಜೋಳ, ಸೋಯಾಬೀನ್, ಹತ್ತಿ ಇಲ್ಲಿಯ ಬೆಳೆಗಳು. ಹತ್ತಿ ಬಿಡಿಸುವುದು ಮುಗಿಯಿತೆಂದರೆ ಮುಂಗಾರು ಬರುವವರೆಗೆ ಕೂಲಿಯವರಿಗೆ ಊರಲ್ಲಿ ಕೆಲಸವಿಲ್ಲ. ಗಂಡಸರು ಗೌಂಡಿ ಕೆಲಸಕ್ಕೆಂದು ಗೋವಾಕ್ಕೆ ಹೋಗುತ್ತಾರೆ. ಕೆಲವು ಕುಟುಂಬಗಳು ಕಬ್ಬು ಕಡಿಯಲು ಕೊಲ್ಹಾಪುರ, ಸಾಂಗ್ಲಿ ಕಡೆಗೆ ಮಕ್ಕಳು ಮರಿಗಳ ಸಮೇತ ಹೊರಡುತ್ತವೆ. ಊರಲ್ಲಿ ಉಳಿಯುವವರು ವಯಸ್ಸಾದವರು, ಬಾಣಂತಿಯರು, ಶಾಲೆಗೆ ಹೋಗುವ ಮಕ್ಕಳಿರುವ ತಾಯಂದಿರು. ಆ ವರ್ಷ ನಮ್ಮಲ್ಲಿ ಹೊಲದ ಕೂಲಿ ಹೆಂಗಸರಿಗೆ 150 ರೂಪಾಯಿ, ಗಂಡಸರಿಗೆ 300 ರೂಪಾಯಿ ಇತ್ತು. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ಹೆಂಗಸು ಗಂಡಸು ಎಂಬ ಭೇದವಿಲ್ಲದೆ ದಿನಕ್ಕೆ 249 ರೂಪಾಯಿ ಎಂದು ನಿಗದಿಯಾಗಿತ್ತು. ಈ ಒಂದು ಅಂಕಿಯೇ ನಮ್ಮ ಓಣಿಯ ಹೆಂಗಸರನ್ನು ಎಬ್ಬಿಸಿ ಕೂರಿಸಿತು.

ಕಾಯ್ದೆಯ ವಿಷಯ ನಮಗೆ ತಿಳಿದದ್ದು ತಾಲ್ಲೂಕು ಕೇಂದ್ರದಲ್ಲಿ ನಡೆದ ಒಂದು ಸಭೆಯಲ್ಲಿ. ಸ್ವಸಹಾಯ ಸಂಘದ ಕೆಲಸಕ್ಕೆಂದು ಹೋಗಿದ್ದ ನಮಗೆ, ಪಕ್ಕದ ತಾಲ್ಲೂಕಿನಿಂದ ಬಂದಿದ್ದ ಕೂಲಿಕಾರ ಸಂಘಟನೆಯ ಅಕ್ಕನೊಬ್ಬರು ನಮೂನೆ-6 ಎಂಬ, ಕೆಲಸ ಕೇಳುವ ಅರ್ಜಿಯ ಒಂದು ಹಾಳೆಯನ್ನು ತೋರಿಸಿದರು. ಬೆಳಗಾವಿ, ಧಾರವಾಡ ಕಡೆ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯಂಥ ಸಂಘಟನೆಗಳು ಇದೇ ಕೆಲಸವನ್ನು ವರ್ಷಗಳಿಂದ ಮಾಡಿಕೊಂಡು ಬಂದಿದ್ದರೂ ನಮ್ಮ ಊರಿಗೆ ಆ ಗಾಳಿ ಮುಟ್ಟಿರಲಿಲ್ಲ. ಅವರು ಹೇಳಿದ್ದು ಇಷ್ಟು: ಈ ಯೋಜನೆಯಲ್ಲಿ ಕೆಲಸ ಪಂಚಾಯಿತಿಯವರು ಮನಸ್ಸು ಬಂದಾಗ ಕೊಡುವ ಉಪಕಾರವಲ್ಲ, ಕೂಲಿಕಾರರು ಕೇಳಿ ಪಡೆಯುವ ಹಕ್ಕು. ಕೇಳಿದ 15 ದಿನಗಳೊಳಗೆ ಕೆಲಸ ಕೊಡಬೇಕು. ಕೊಡಲಾಗದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಆಮೇಲೆ ಅರ್ಧ ಭಾಗಕ್ಕೆ ಕಡಿಮೆಯಾಗದಷ್ಟು ನಿರುದ್ಯೋಗ ಭತ್ಯೆ ಕೊಡಬೇಕು. ಆದರೆ ಆ 15 ದಿನಗಳ ಎಣಿಕೆ ಶುರುವಾಗುವುದು ದಿನಾಂಕ ಹಾಕಿದ ರಶೀದಿ ಕೈಗೆ ಬಂದಾಗ ಮಾತ್ರ. ರಶೀದಿ ಇಲ್ಲದಿದ್ದರೆ ನೀವು ಕೇಳಿಯೇ ಇಲ್ಲ ಎಂದರ್ಥ. “ಅರ್ಜಿ ಕೊಡೋದು ದೊಡ್ಡದಲ್ಲ, ರಶೀದಿ ತಗೊಂಡು ಬರೋದು ದೊಡ್ಡದು” ಎಂದು ಆ ಅಕ್ಕ ಮತ್ತೆ ಮತ್ತೆ ಹೇಳಿದರು.

ಊರಿಗೆ ಬಂದು ನೋಡಿದರೆ ಅರ್ಜಿ ಹಾಕಲು ಬೇಕಾದ ಉದ್ಯೋಗ ಚೀಟಿಯೇ (ಜಾಬ್ ಕಾರ್ಡ್) ನಮ್ಮ ಕೈಯಲ್ಲಿರಲಿಲ್ಲ. ಚೀಟಿ ಮಾಡಿಸಿದ್ದು ಹಲವರಿಗೆ ನೆನಪಿತ್ತು, ಫೋಟೊ ಕೊಟ್ಟದ್ದೂ ನೆನಪಿತ್ತು. ಆದರೆ ಚೀಟಿಗಳು ಪಂಚಾಯಿತಿಯ ಕಾಮಗಾರಿಗಳಿಗೆ ಯಂತ್ರ ಒದಗಿಸುತ್ತಿದ್ದ ಒಬ್ಬರ ಮನೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದವು. ನಾನು ಮೊಬೈಲಿನಲ್ಲಿ ಉದ್ಯೋಗ ಖಾತ್ರಿಯ (ನರೇಗಾ) ಜಾಲತಾಣ ತೆರೆದು, ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಎಂದು ಒಂದೊಂದನ್ನೇ ಒತ್ತುತ್ತಾ ಹೋದಾಗ ಊರಿನ ಎಲ್ಲ ಉದ್ಯೋಗ ಚೀಟಿಗಳ ಪಟ್ಟಿ ತೆರೆದುಕೊಂಡಿತು. ಯಾವ ಅನುಮತಿಯೂ ಬೇಡದೆ, ಯಾರು ಬೇಕಾದರೂ ನೋಡಬಹುದಾಗಿದ್ದ ಮಾಹಿತಿ ಅದು. ನಮ್ಮ ಓಣಿಯ ದೊಡ್ಡವ್ವನ ಹೆಸರಿನ ಮುಂದೆ, ಆಕೆ ಮೊಣಕಾಲು ನೋವಿನಿಂದ ಹಾಸಿಗೆ ಹಿಡಿದಿದ್ದ ತಿಂಗಳಿನಲ್ಲಿ ಬದು ನಿರ್ಮಾಣದ ಕೆಲಸ ಮಾಡಿದ ದಿನಗಳು ದಾಖಲಾಗಿದ್ದವು. ಓದಿ ಹೇಳಿದೆ. ಆಕೆ ಬಹಳ ಹೊತ್ತು ಏನೂ ಮಾತಾಡದೆ ಆಮೇಲೆ, “ನಾ ದುಡದದ್ದು ಯಾರ ಉಂಡ್ರವಾ?” ಎಂದು ಕೇಳಿದಳು. ಮೊದಲ ಅರ್ಜಿಗೆ ಮೊದಲ ಹೆಬ್ಬೆಟ್ಟು ಒತ್ತಿದವಳು ಅವಳೇ.

ಚೀಟಿಗಳನ್ನು ಬಿಡಿಸಿಕೊಂಡು ಬರಲು ನಾವು ಜಗಳಕ್ಕೆ ಹೋಗಲಿಲ್ಲ. ಚೀಟಿ ಕೂಲಿಕಾರರ ಬಳಿಯೇ ಇರಬೇಕು, ಬೇರೆಯವರು ಇಟ್ಟುಕೊಳ್ಳುವುದು ಅಪರಾಧ ಎಂಬ ನಿಯಮವನ್ನು ಒಂದು ಹಾಳೆಯಲ್ಲಿ ಬರೆದು, ಕಳೆದುಹೋದ ಚೀಟಿಗಳಿಗೆ ಬದಲು ಚೀಟಿ ಕೊಡಿ ಎಂದು ಪಂಚಾಯಿತಿಗೆ ಎಲ್ಲರೂ ಸಹಿ ಮಾಡಿದ ಮನವಿ ಕೊಟ್ಟೆವು. ಮನವಿಯ ಸುದ್ದಿ ಊರಲ್ಲಿ ಹರಡುತ್ತಲೇ ಚೀಟಿಗಳ ಗಂಟು ತಾನಾಗಿಯೇ ನಮ್ಮ ಓಣಿಯ ಗುಡಿಕಟ್ಟೆಗೆ ಬಂದು ಸೇರಿತು. ಯಾರು ತಂದಿಟ್ಟರೆಂದು ನಾವು ಕೇಳಲಿಲ್ಲ. ಹಳೆಯ ಲೆಕ್ಕವನ್ನು ಬಗೆಯಬೇಕೆಂದು ನಮ್ಮಲ್ಲೇ ಕೆಲವರು ಹಟ ಹಿಡಿದಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಬೇಸಿಗೆಯಲ್ಲಿ ಮನೆಯಲ್ಲಿ ಜೋಳವಿಲ್ಲದವರಿಗೆ ಮೊದಲು ಬೇಕಾಗಿದ್ದದ್ದು ಕೆಲಸ. ಹಳೆಯ ಲೆಕ್ಕವನ್ನು, ಕಾಮಗಾರಿಗಳ ಲೆಕ್ಕವನ್ನು ಊರವರ ಮುಂದೆ ತಪಾಸಣೆ ಮಾಡುವ ಸಾಮಾಜಿಕ ಪರಿಶೋಧನೆಯವರು ಬಂದಾಗ ಎತ್ತೋಣ ಎಂದು ಬಹುಮತದಿಂದ ತೀರ್ಮಾನಿಸಿದೆವು. ಆ ತೀರ್ಮಾನ ಸರಿಯಾಗಿತ್ತೆಂದೇ ಈಗಲೂ ನನ್ನ ಅಭಿಪ್ರಾಯ.

ಅರ್ಜಿ ಕೊಡುವ ಹಿಂದಿನ ರಾತ್ರಿ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಹಾಳೆಗಳನ್ನು ತುಂಬಿದೆವು. ಹೆಸರು, ಉದ್ಯೋಗ ಚೀಟಿಯ ಸಂಖ್ಯೆ, ಎಂದಿನಿಂದ ಎಂದಿನವರೆಗೆ ಕೆಲಸ ಬೇಕು ಎಂಬ ವಿವರ. ಒಂದು ಅರ್ಜಿಯಲ್ಲಿ ಕನಿಷ್ಠ 14 ದಿನಗಳ ಕೆಲಸ ಕೇಳಬೇಕೆಂದು ನಿಯಮವಿದ್ದದ್ದರಿಂದ ದಿನಾಂಕಗಳನ್ನು ಎಣಿಸಿ ಎಣಿಸಿ ಬರೆದೆವು. ಸಹಿ ಮಾಡಲು ಬರುವವರು ಸಹಿ ಮಾಡಿದರು, ಉಳಿದವರು ಹೆಬ್ಬೆಟ್ಟು ಒತ್ತಿದರು. ಅಲ್ಲಿಯೇ ಎರಡು ಮಾತುಗಳನ್ನು ಗಟ್ಟಿ ಮಾಡಿಕೊಂಡೆವು. ಒಂದು, ಯಾರು ಬರೆದರೆಂದು ಕೇಳಿದರೆ ಎಲ್ಲರೂ ‘ನಾವು’ ಎನ್ನಬೇಕು. ಇನ್ನೊಂದು, ರಶೀದಿ ಕೊಡುವವರೆಗೆ ಯಾರೂ ಏಳಬಾರದು.

ಮರುದಿನ ಪಂಚಾಯಿತಿಯ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್ ಒಬ್ಬರೇ ಇದ್ದರು. ಅರ್ಜಿಗಳನ್ನು ತೆಗೆದುಕೊಂಡು ಮೇಜಿನ ಬದಿಗಿಟ್ಟು, “ಕೆಲಸ ಬಂದಾಗ ಹೇಳಿ ಕಳಸ್ತೀವ್ರಿ, ಹೋಗ್ರಿ” ಎಂದರು. ದೊಡ್ಡವ್ವ, “ಅರ್ಜಿ ತಗೊಂಡೇನಿ ಅಂತ ಒಂದ ಚೀಟಿ ಬರದ ಕೊಡ್ರಿ ಸಾಹೇಬ್ರ, ಹೋಗತೇವಿ” ಎಂದಳು. “ಹಿಂದಕ ಯಾರಿಗೂ ಕೊಟ್ಟಿಲ್ಲ ನೋಡವ್ವಾ.” “ಹಿಂದಕ ಯಾರೂ ಕೇಳಿದ್ದಿಲ್ರೀ.” ಇದರ ನಂತರ ಅವರೂ ಸುಮ್ಮನಾದರು, ನಾವೂ ಸುಮ್ಮನೆ ಜಗುಲಿಯ ಮೇಲೆ ಕುಳಿತೆವು. ಮಧ್ಯಾಹ್ನ ಗಂಟು ಬಿಚ್ಚಿ ರೊಟ್ಟಿ, ಪುಂಡಿಪಲ್ಯೆ ಉಂಡೆವು. ಬೇರೆ ಬೇರೆ ಕೆಲಸಕ್ಕೆ ಬಂದ ಊರಿನ ಗಂಡಸರು ನಮ್ಮನ್ನು ನೋಡುತ್ತಾ ಒಳಗೆ ಹೋಗಿ ಹೊರಗೆ ಬಂದರು. ಒಬ್ಬಿಬ್ಬರು ಮನೆಗೆ ಹೋಗಿರೆಂದು ಬುದ್ಧಿ ಹೇಳಿದರು. ಸಂಜೆಯ ಹೊತ್ತಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಂದರು. ಎರಡು ಪಂಚಾಯಿತಿಗಳ ಹೊಣೆ ಅವರ ಮೇಲಿತ್ತು, ದಣಿದಿದ್ದರು. ಅರ್ಜಿಗಳನ್ನು ಒಂದೊಂದಾಗಿ ತಿರುವಿ, “ಯಾರ ಬರದ್ರು ಇವನ್ನ?” ಎಂದು ಕೇಳಿದರು. “ನಾವ ಬರದೇವ್ರಿ” ಎಂದು ಜಗುಲಿಯ ತುಂಬ ದನಿ ಎದ್ದಿತು. ಅವರು ಮತ್ತೇನೂ ಕೇಳದೆ ಆಪರೇಟರನ್ನು ಕರೆದು, ನಮೂನೆಯ ಕೆಳತುದಿಯ ಸ್ವೀಕೃತಿ ಭಾಗವನ್ನು ತುಂಬಿಸಿ, ದಿನಾಂಕ ಹಾಕಿ, ಮೊಹರು ಒತ್ತಿ, ಒಂದೊಂದನ್ನೇ ಹರಿದು ಕೊಡಲು ಹೇಳಿದರು. ಮೊಹರಿನ ಮಸಿ ಇನ್ನೂ ಹಸಿಯಿದ್ದ ಆ ತುಂಡು ಕಾಗದಗಳನ್ನು ಹೆಂಗಸರು ಕುಪ್ಪಸದೊಳಗೆ, ಎಲೆಅಡಿಕೆಯ ಚಂಚಿಯೊಳಗೆ ಜೋಪಾನವಾಗಿ ಇಟ್ಟುಕೊಂಡರು.

ಹದಿನೈದು ದಿನ ಕಳೆದರೂ ಕೆಲಸ ಬರಲಿಲ್ಲ. ನಾವು ಅದಕ್ಕೆ ಸಿದ್ಧರಾಗಿಯೇ ಇದ್ದೆವು. ರಶೀದಿಗಳ ಜೆರಾಕ್ಸ್ ಲಗತ್ತಿಸಿ, ನಿರುದ್ಯೋಗ ಭತ್ಯೆ ಕೊಡಬೇಕೆಂದು ಒಂದು ಅರ್ಜಿಯನ್ನು ಪಂಚಾಯಿತಿಗೆ, ಅದರ ಪ್ರತಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಟ್ಟೆವು. ಕೆಲವೇ ದಿನಗಳಲ್ಲಿ ನಮ್ಮ ಹೆಸರಿಗೆ ಎನ್‌ಎಂಆರ್ ಎಂಬ ಹಾಜರಿ ಪಟ್ಟಿ ತೆಗೆದಿದ್ದಾರೆಂದು ಕರೆ ಬಂತು. ಇದರ ಹಿಂದಿನ ಕಾರಣ ನಮಗೆ ನಂತರ ಅರ್ಥವಾಯಿತು. ಕೆಲಸಕ್ಕಿಳಿದವರ ಕೂಲಿಯನ್ನು ಕೇಂದ್ರ ಸರ್ಕಾರ ಕೊಡುತ್ತಿತ್ತು. ಕೆಲಸ ಕೊಡದೆ ಹೋದರೆ ತೆರಬೇಕಾದ ಭತ್ಯೆಯ ಭಾರ ರಾಜ್ಯ ಸರ್ಕಾರದ ಮೇಲೆ ಬೀಳುತ್ತಿತ್ತು. ಅಂಥ ಭತ್ಯೆ ಒಂದು ಪಂಚಾಯಿತಿಯಲ್ಲಿ ಬಾಕಿಯಾಯಿತೆಂದರೆ ಯಾಕೆ ಎಂದು ಮೇಲಿನವರು ಕೇಳುತ್ತಾರೆ, ಕೆಳಗಿನವರು ಉತ್ತರ ಬರೆಯಬೇಕಾಗುತ್ತದೆ. ನಮ್ಮ ಬಡತನ ಆ ಕಚೇರಿಗೆ ಹೊಸದೇನೂ ಆಗಿರಲಿಲ್ಲ, ಅದನ್ನು ಎಷ್ಟು ತೋಡಿಕೊಂಡಿದ್ದರೂ ಯಾವ ಕಡತವೂ ಮುಂದೆ ಚಲಿಸುತ್ತಿರಲಿಲ್ಲ. ಬೇಡಿಕೆಗೆ ದಿನಾಂಕ ಬಿದ್ದಾಗ, ಆ ದಿನಾಂಕ ಮೀರಿದ್ದಕ್ಕೆ ಒಬ್ಬರು ಹೊಣೆಯಾಗಬೇಕಾದಾಗ, ಕಡತ ಚಲಿಸಿತು.

ಊರ ಕೆರೆಯ ಹೂಳೆತ್ತುವ ಕೆಲಸ ನಮಗೆ ಸಿಕ್ಕಿತು. ಕಾಯ್ದೆಯಲ್ಲಿ ಗುತ್ತಿಗೆದಾರರಿಗೆ ಜಾಗವಿರಲಿಲ್ಲ, ಕೂಲಿಕಾರರ ಕೈ ತಪ್ಪಿಸುವ ಯಂತ್ರಗಳನ್ನು ಬಳಸುವಂತಿರಲಿಲ್ಲ. ಆದ್ದರಿಂದ ಕೆರೆಯ ದಂಡೆಯಲ್ಲಿ ನಿಂತಿದ್ದ ಜೆಸಿಬಿ ಮೊದಲ ದಿನವೇ ಅಲ್ಲಿಂದ ಹೋಗಬೇಕಾಯಿತು. ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು, ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಅದೇ ಕೂಲಿಗೆ ನೇಮಿಸಬೇಕೆಂದು ನಿಯಮವಿತ್ತು. ದೊಡ್ಡವ್ವನ ಮೊಣಕಾಲು ಗುದ್ದಲಿ ಹಿಡಿಯಲು ಬಿಡುತ್ತಿರಲಿಲ್ಲ. ಬೇವಿನ ಮರಕ್ಕೆ ಸೀರೆಯ ಜೋಳಿಗೆಗಳನ್ನು ಕಟ್ಟಿ, ಮಕ್ಕಳನ್ನು ಆಡಿಸುತ್ತಾ ಆಕೆ ಆ ಬೇಸಿಗೆಯಲ್ಲಿ ದುಡಿದಳು. ವಯಸ್ಸಾಯಿತೆಂದು ಹೊಲದವರು ಕೂಲಿಗೆ ಕರೆಯುವುದನ್ನು ಬಿಟ್ಟ ಎಷ್ಟೋ ವರ್ಷಗಳ ಮೇಲೆ ಆಕೆಯ ಖಾತೆಗೆ ಆಕೆಯದೇ ದುಡಿಮೆಯ ಹಣ ಬಂತು.

ಆದರೆ ಮೊದಲ ವಾರದ ಕೂಲಿ ಖಾತೆಗೆ ಬಿದ್ದಾಗ ದಿನಕ್ಕೆ 249ರ ಬದಲು ಸುಮಾರು 170 ರೂಪಾಯಿಯ ಲೆಕ್ಕದಲ್ಲಿ ಬಂದಿತ್ತು. ಅಳತೆಗೆ ತಕ್ಕ ಕೆಲಸವಾಗಿಲ್ಲ ಎಂಬುದು ಕಚೇರಿಯ ಉತ್ತರ. ಇಲ್ಲಿಂದ ಮುಂದಿನದು ನಮ್ಮ ನಿಜವಾದ ಕಲಿಕೆ. ಇಬ್ಬರು ಸೇರಿ ದಿನಕ್ಕೆ ಹತ್ತಡಿ ಉದ್ದ, ಹತ್ತಡಿ ಅಗಲ, ಒಂದಡಿ ಆಳ, ಅಂದರೆ ಒಂದು ಬ್ರಾಸ್ ಮಣ್ಣು ತೆಗೆಯಬೇಕೆಂದು ನಮಗೆ ಹೇಳಿದ್ದರು. ಅಷ್ಟನ್ನೂ ನಾವು ತೆಗೆದಿದ್ದೆವು, ಆದರೆ ತೋರಿಸಲು ನಮ್ಮಲ್ಲಿ ಪುರಾವೆಯಿರಲಿಲ್ಲ. ಆ ಸಂಘಟನೆಯ ಅಕ್ಕನನ್ನು ಕೆರೆಗೇ ಕರೆಸಿದೆವು. ಅವರು ನಡೆದು ನೋಡಿ ಎರಡು ಸಂಗತಿಗಳನ್ನು ತೋರಿಸಿದರು. ಕೆರೆಯ ಅಂಗಳದ ಒಂದು ಬದಿಯಲ್ಲಿ ಮೆತ್ತನೆಯ ಹೂಳಿದ್ದರೆ ಇನ್ನೊಂದು ಬದಿಯಲ್ಲಿ ಗುದ್ದಲಿ ಪುಟಿಯುವ ಗಟ್ಟಿ ಗರಸು ಇತ್ತು. ಎರಡಕ್ಕೂ ದರಪಟ್ಟಿಯಲ್ಲಿ ಬೇರೆ ಬೇರೆ ಲೆಕ್ಕವಿರುತ್ತದೆ. ಎರಡನೆಯದಾಗಿ, ಅಗೆದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಎಷ್ಟು ದೂರ ಒಯ್ಯುತ್ತೇವೆ, ಎಷ್ಟು ಎತ್ತರಕ್ಕೆ ಏರಿಸುತ್ತೇವೆ ಎಂಬುದಕ್ಕೂ ಲೆಕ್ಕವಿದೆ. ಎಂಜಿನಿಯರುಗಳು ಅದನ್ನು ಲೀಡ್, ಲಿಫ್ಟ್ ಎನ್ನುತ್ತಾರೆ. 50 ಮೀಟರ್ ದೂರ, ಒಂದೂವರೆ ಮೀಟರ್ ಎತ್ತರ ಮೂಲ ದರದಲ್ಲೇ ಸೇರಿರುತ್ತದೆ, ಅದನ್ನು ಮೀರಿದ್ದನ್ನು ಹೆಚ್ಚುವರಿಯಾಗಿ ಹಿಡಿಯಬೇಕು. ನಾವಾದರೋ ಏರಿಯನ್ನು ಹತ್ತಿ ಆಚೆ ಬದಿಗೆ ಮಣ್ಣು ಸುರಿಯುತ್ತಿದ್ದೆವು. ದಿನವಿಡೀ ತಲೆಯ ಮೇಲೆ ಹೊತ್ತ ಭಾರ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

ಸಂಘದ ಹಣದಿಂದ ಒಂದು ಟೇಪು ತಂದೆವು. ಪ್ರತಿ ಸಂಜೆ ಪ್ರತಿ ಗುಂಡಿಯನ್ನು ಅಳೆದು ನೋಟುಪುಸ್ತಕದಲ್ಲಿ ಬರೆಯಲು ಶುರು ಮಾಡಿದೆವು. ಗುಂಡಿಯ ನಡುವೆ ಒಂದು ದಿಂಡು ಮಣ್ಣನ್ನು ಅಗೆಯದೆ ಹಾಗೆಯೇ ಬಿಡುವ ಕ್ರಮವನ್ನೂ ಆಗ ಕಲಿತೆವು. ಅದರ ನೆತ್ತಿಯ ಮೇಲೆ ಹುಲ್ಲು ಉಳಿದಿರುವುದರಿಂದ, ನೆಲ ಮೊದಲು ಎಲ್ಲಿತ್ತು, ಈಗ ಎಲ್ಲಿಗೆ ಇಳಿದಿದೆ ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅಕ್ಷರ ಬಾರದ ಹೆಂಗಸರು ಕೂಡ ಒಂದೆರಡು ವಾರದಲ್ಲಿ ಟೇಪಿನ ಗೆರೆಗಳನ್ನು ಗುರುತಿಸಿ, ‘ಇಲ್ಲಿ ಎರಡ ಬೆರಳ ಕಡಿಮಿ ಐತಿ’ ಎಂದು ಹೇಳುವಷ್ಟು ಪಳಗಿದರು. ಜೊತೆಗೆ ಕಚೇರಿಯವರು ನಮ್ಮ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪ್ರತಿಗಾಗಿ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದೆವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಬೇಕಾದದ್ದನ್ನಷ್ಟೇ ಕೇಳುವ ಶಿಸ್ತು ಬಂತು. 30 ದಿನಗಳ ಗಡುವಿನ ಕೊನೆಗೆ ಪ್ರತಿ ಕೈಗೆ ಬಂತು.

ಆ ಅರ್ಜಿ ಬರೆಯುವಾಗಲೇ ಅಕ್ಕ ನಮಗೆ ರಾಜಸ್ಥಾನದ ಕಥೆಯನ್ನು ಹೇಳಿದ್ದು. ಅಲ್ಲಿ ರಾಜಸಮಂದ್ ಜಿಲ್ಲೆಯ ದೇವಡುಂಗ್ರಿ ಎಂಬ ಪುಟ್ಟ ಊರಿನಲ್ಲಿ ನೆಲೆ ನಿಂತು ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಆ ಭಾಗದ ಕೂಲಿಕಾರರು, ರೈತರು ಸೇರಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನು ಕಟ್ಟಿದರು. ಸರ್ಕಾರಿ ಕಾಮಗಾರಿಗಳಲ್ಲಿ ದುಡಿದವರಿಗೆ ಕನಿಷ್ಠ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ ನೀವು ಅಷ್ಟು ಕೆಲಸ ಮಾಡಿಲ್ಲವೆಂದು ದಾಖಲೆಯಲ್ಲಿದೆ ಎನ್ನುತ್ತಿದ್ದರು. ಹಾಗಾದರೆ ದಾಖಲೆ ತೋರಿಸಿ ಎಂದು ಅವರು ಪಟ್ಟು ಹಿಡಿದರು. 1994ರಿಂದ ಊರೂರಿನಲ್ಲಿ ಜನಸುನ್ವಾಯಿ ಎಂಬ ಬಹಿರಂಗ ಅಹವಾಲು ಸಭೆಗಳನ್ನು ನಡೆಸಿ ಹಾಜರಿ ಪಟ್ಟಿಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿಸಿದರು, 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕುಳಿತರು. ಅಲ್ಲಿಂದ ಬೆಳೆದ ಒತ್ತಾಯ 2005ರಲ್ಲಿ ಇಡೀ ದೇಶಕ್ಕೆ ಮಾಹಿತಿ ಹಕ್ಕಿನ ಕಾಯ್ದೆಯಾಗಿ ಬಂತು. ಉದ್ಯೋಗ ಖಾತ್ರಿ ಕಾಯ್ದೆಯೂ ಅದೇ ವರ್ಷದ್ದು. ಮಣ್ಣು ಹೊರುವವರು ಕೇಳಿದ ಒಂದು ಪ್ರಶ್ನೆಯಿಂದ ಹುಟ್ಟಿದ ಕಾಯ್ದೆಯನ್ನು ಮಣ್ಣು ಹೊರುವ ನಾವು ಬಳಸುತ್ತಿದ್ದೇವೆ ಎಂದು ತಿಳಿದಾಗ ನಮ್ಮ ಹೆಂಗಸರು ಪೋಸ್ಟಲ್ ಆರ್ಡರನ್ನು ಒಬ್ಬರಿಂದ ಒಬ್ಬರು ಇಸಿದುಕೊಂಡು ನೋಡಿದರು.

ಅಳತೆ ಪುಸ್ತಕದ ಪ್ರತಿಯನ್ನೂ ನಮ್ಮ ನೋಟುಪುಸ್ತಕವನ್ನೂ ಪಕ್ಕದಲ್ಲಿಟ್ಟು, ಮರುಅಳತೆ ಮಾಡಬೇಕೆಂದು ಕೇಳಿದೆವು. ತಾಂತ್ರಿಕ ಸಹಾಯಕ ಎಂಜಿನಿಯರ್ ಕೆರೆಗೆ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಹಲವಾರು ಪಂಚಾಯಿತಿಗಳ ಕಾಮಗಾರಿಗಳನ್ನು ಒಬ್ಬರೇ ನೋಡಿಕೊಳ್ಳಬೇಕಾದವರು. ಹಿಂದಿನ ಸಲ ಏರಿಯ ಮೇಲೆ ನಿಂತೇ ಅಂದಾಜು ಬರೆದಿದ್ದರೆಂದು ಮಾತಿನಲ್ಲಿ ತಿಳಿಯಿತು. ಮೆತ್ತನೆಯ ಮಣ್ಣಿನ ಬದಿಯಲ್ಲಿ ಕೆಲವು ಗುಂಡಿಗಳು ನಿಜಕ್ಕೂ ಅಳತೆಗೆ ಕಡಿಮೆ ಇದ್ದವು, ಅದನ್ನು ಅವರು ಟೇಪು ಹಿಡಿದು ತೋರಿಸಿದಾಗ ನಾವು ಒಪ್ಪಿಕೊಂಡೆವು. ಗರಸಿನ ಬದಿಯ ಲೆಕ್ಕವನ್ನೂ ಲೀಡ್, ಲಿಫ್ಟಿನ ಲೆಕ್ಕವನ್ನೂ ಅವರು ಒಪ್ಪಿಕೊಂಡರು. ಮುಂದಿನ ವಾರಗಳಿಂದ ಬಹುಪಾಲು ಜೋಡಿಗಳಿಗೆ ಪೂರ್ತಿ 249 ರೂಪಾಯಿ ಬಂತು. ಆ ಎಂಜಿನಿಯರ್ ಆಮೇಲೆ ನಮಗೆ ಗುಂಡಿಯ ಅಳತೆಯನ್ನು ನೆಲದ ಮೇಲೆ ಗುರುತು ಹಾಕಿಕೊಡುವುದನ್ನು ತಾವೇ ಕಲಿಸಿದರು. ಕಚೇರಿಯವರೆಲ್ಲ ಕೆಟ್ಟವರು, ನಾವೆಲ್ಲ ಒಳ್ಳೆಯವರು ಎಂಬ ಭಾವನೆಯಿಂದ ಹೊರಟಿದ್ದರೆ ಈ ಕೆಲಸ ಆಗುತ್ತಿರಲಿಲ್ಲ.

ಹೊರಗಿನ ತೊಡಕುಗಳಿಗಿಂತ ಒಳಗಿನವು ಹೆಚ್ಚು ಕಾಡಿದವು. ಮೊದಲ ದಿನಗಳಲ್ಲಿ ಒಂದೇ ಕೆರೆಯಲ್ಲಿ ದುಡಿದರೂ ಊಟಕ್ಕೆ ಕೇರಿಯವರು ಒಂದು ಮರದ ಕೆಳಗೆ, ಊರಿನವರು ಇನ್ನೊಂದು ಮರದ ಕೆಳಗೆ ಕೂರುತ್ತಿದ್ದರು. ನೀರಿನ ಕೊಡಗಳೂ ಎರಡಿದ್ದವು. ಜೋಡಿ ಕಟ್ಟುವಾಗ ಇದನ್ನು ಮುರಿಯಬೇಕೆಂದು ಕೆಲವರು ಮನಸ್ಸು ಮಾಡಿ, ಬೇರೆ ಬೇರೆ ಓಣಿಯವರನ್ನು ಒಂದೇ ಗುಂಡಿಗೆ ಹಾಕಿದೆವು. ಗುಂಡಿಯ ಅಳತೆ ಇಬ್ಬರದೂ ಒಂದೇ, ಕೂಲಿ ಇಬ್ಬರದೂ ಒಂದೇ. ಆ ಬೇಸಿಗೆಯ ಕೊನೆಗೆ ಒಂದು ಕೊಡ ಉಳಿಯಿತು. ಊಟದ ಮರಗಳು ಮಾತ್ರ ಎರಡೇ ಇದ್ದವು. ಅದಕ್ಕೆ ಇನ್ನಷ್ಟು ಕಾಲ ಬೇಕಾಯಿತು, ಇನ್ನೂ ಪೂರ್ತಿಯಾಗಿಲ್ಲ. ಮನೆಯ ಗಂಡಸರ ತಕರಾರು ಖಾತೆಗೆ ಹಣ ಬರುತ್ತಲೇ ತಗ್ಗಿತು. ಹೊಲದ ಯಜಮಾನರ ಸಿಟ್ಟು ಬೇರೆ ಬಗೆಯದು. ಕೂಲಿ ಏರುತ್ತದೆ, ಆಳುಗಳು ಸಿಗುವುದಿಲ್ಲ ಎಂದು ಅವರು ಕೆಲವರಿಗೆ ಮೇವು, ಸಾಲ ನಿಲ್ಲಿಸಿದರು. ಎರಡು ಎಕರೆ, ಮೂರು ಎಕರೆಯ ಸಣ್ಣ ರೈತರ ಸಂಕಟ ಸುಳ್ಳಲ್ಲ. ಅವರೊಡನೆ ಕುಳಿತು, ಬಿತ್ತನೆ ಮತ್ತು ಸುಗ್ಗಿಯ ದಿನಗಳಲ್ಲಿ ನಾವು ಖಾತ್ರಿ ಕೆಲಸ ಕೇಳುವುದಿಲ್ಲ, ನೀವು ಹೆಂಗಸರ ಕೂಲಿಯನ್ನು 200ಕ್ಕೆ ಏರಿಸಿ ಎಂದು ಮಾತು ಮಾಡಿಕೊಂಡೆವು. ಆ ಮಾತು ಎರಡೂ ಕಡೆಯಿಂದ ನಡೆಯಿತು. ಖಾತ್ರಿ ಕೆಲಸಕ್ಕೆ ಒಮ್ಮೆಯೂ ಬಾರದ ಹೆಂಗಸರ ಕೂಲಿಯೂ ಇದರಿಂದ ಏರಿತು. ಇಡೀ ಪ್ರಯತ್ನದ ಅತಿ ದೊಡ್ಡ ಫಲ ಇದೇ ಎಂದು ನನಗೆ ಅನ್ನಿಸುತ್ತದೆ.

2020ರ ಲಾಕ್‌ಡೌನ್‌ನಲ್ಲಿ ಗೋವಾದಿಂದ, ಬೆಂಗಳೂರಿನಿಂದ ಜನ ನಡೆದು, ಲಾರಿ ಹತ್ತಿ, ಊರಿಗೆ ಮರಳಿದರು. ಏಪ್ರಿಲ್ 20ರ ನಂತರ ಖಾತ್ರಿ ಕೆಲಸಕ್ಕೆ ಅನುಮತಿ ಸಿಕ್ಕಿತು, ಕೂಲಿ 275 ರೂಪಾಯಿಗೆ ಏರಿತ್ತು. ಅಷ್ಟು ಹೊತ್ತಿಗೆ ನಮ್ಮ ಓಣಿಯಲ್ಲಿ ನಮೂನೆ-6ನ್ನು ಕಣ್ಣು ಮುಚ್ಚಿ ತುಂಬುವ ಹುಡುಗಿಯರು ಹಲವರಿದ್ದರು. ಹಿಂದೆ ನಮ್ಮನ್ನು ಜಗುಲಿಯಿಂದ ಎದ್ದು ಹೋಗಿರೆಂದವರ ಮನೆಯವರೂ ಚೀಟಿ ಮಾಡಿಸಿಕೊಡಿ ಎಂದು ಬಂದರು. ಅವರ ಅರ್ಜಿಗಳನ್ನೂ ಬರೆದುಕೊಟ್ಟೆವು, ರಶೀದಿ ತೆಗೆದುಕೊಳ್ಳುವುದನ್ನು ಮಾತ್ರ ಅವರವರೇ ಮಾಡಬೇಕೆಂದು ಕಡ್ಡಾಯ ಮಾಡಿದೆವು. ಒಬ್ಬರಿಗೆ ಎಲ್ಲರ ಕೆಲಸವನ್ನೂ ಮಾಡಿಕೊಡುವ ರೂಢಿ ಬಿದ್ದರೆ ನಾಳೆ ಅವಳ ಮನೆಯಲ್ಲೇ ಚೀಟಿಗಳ ಗಂಟು ಬೆಳೆಯುತ್ತದೆ. ಈ ಎಚ್ಚರವನ್ನು ನಾನು ನನಗೇ ಹೇಳಿಕೊಂಡದ್ದು.

ಕೆರೆಯ ಹೂಳು ತೆಗೆದರೂ ಮೊದಲ ಮಳೆಗಾಲದಲ್ಲಿ ಅದು ಅರ್ಧವೂ ತುಂಬಲಿಲ್ಲ. ಕಾರಣ ಊರಿನ ಹಳಬರಿಗೆಲ್ಲ ಗೊತ್ತಿತ್ತು: ಗುಡ್ಡದ ನೀರನ್ನು ಕೆರೆಗೆ ತರುತ್ತಿದ್ದ ಎರಡು ಹಳ್ಳಗಾಲುವೆಗಳು ಮುಚ್ಚಿಹೋಗಿದ್ದವು. ಗಿಡಗಂಟಿ, ಹೂಳು ತುಂಬಿ ಒಂದು ಮುಚ್ಚಿತ್ತು, ಹೊಲಗಳ ಒತ್ತುವರಿಯಲ್ಲಿ ಇನ್ನೊಂದು ಮಾಯವಾಗಿತ್ತು. ಯಾವ ಕೆಲಸ ಆಗಬೇಕೆಂಬುದನ್ನೂ ನಾವೇ ಹೇಳಬೇಕು ಎಂಬ ವಿಚಾರ ಆಗ ಬಂತು. ವರ್ಷದ ಕ್ರಿಯಾ ಯೋಜನೆಗೆ ಕಾಮಗಾರಿಗಳನ್ನು ಸೇರಿಸುವುದು ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ. ಅವು ನಮ್ಮಲ್ಲಿ ಸಹಿಯ ಪುಸ್ತಕ ಮನೆಮನೆಗೆ ತಿರುಗಿ ಮುಗಿಯುತ್ತಿದ್ದ ಸಭೆಗಳು. ಆ ವರ್ಷ ಹೆಂಗಸರು ಹೋಗಿ ಕುಳಿತರು. ಒಬ್ಬಾಕೆ ಎದ್ದು, ತಾನು ಈ ಊರಿಗೆ ಸೊಸೆಯಾಗಿ ಬಂದಾಗ ಯಾವ ಬೇವಿನ ಮರದ ಬುಡದಲ್ಲಿ ಕಾಲುವೆ ಹರಿಯುತ್ತಿತ್ತು, ಎಲ್ಲಿ ಬಟ್ಟೆ ಒಗೆಯುತ್ತಿದ್ದರು ಎಂಬುದನ್ನು ಜಾಗ ಜಾಗ ಹೆಸರಿಟ್ಟು ಹೇಳಿದಳು. ನಡಾವಳಿ ಪುಸ್ತಕದಲ್ಲಿ ಎರಡೂ ಕಾಲುವೆಗಳನ್ನು ಬರೆಯಿಸಿ, ಓದಿಸಿ ಕೇಳಿ, ಆಮೇಲೆ ಸಹಿ ಮಾಡಿದೆವು. ಸಹಿಗಳ ಕೆಳಗೆ ಖಾಲಿ ಜಾಗ ಉಳಿಯದಂತೆ ಗೆರೆ ಎಳೆಯಿಸಿದ್ದೂ ನಮ್ಮಲ್ಲಿ ಒಬ್ಬರ ಬುದ್ಧಿ.

ಮೊದಲ ಕಾಲುವೆಯನ್ನು 2021ರ ಬೇಸಿಗೆಯಲ್ಲಿ, 289 ರೂಪಾಯಿಯ ಕೂಲಿಯಲ್ಲಿ, ನಾವೇ ತೋಡಿದೆವು. ಆ ವರ್ಷ ಕೆರೆಯಲ್ಲಿ ನೀರು ಚಳಿಗಾಲದವರೆಗೆ ನಿಂತಿತು, ಕೆಳಗಿನ ಹೊಲಗಳ ಬಾವಿಗಳಿಗೆ ಊಟೆ ಬಂತು, ನಮ್ಮ ಮೇಲೆ ಸಿಟ್ಟಾಗಿದ್ದ ಇಬ್ಬರು ರೈತರು ಕಡಲೆ ಬೆಳೆದರು. 2022ರಲ್ಲಿ ಮೊಬೈಲ್ ಆ್ಯಪಿನ ಹಾಜರಿ ಕಡ್ಡಾಯವಾದಾಗ ಹೊಸ ತೊಂದರೆ ಶುರುವಾಯಿತು: ದಿನಕ್ಕೆ ಎರಡು ಸಲ ಸ್ಥಳದಲ್ಲೇ ಫೋಟೊ ತೆಗೆಯಬೇಕು, ಕೆರೆಯ ತಗ್ಗಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಫೋಟೊ ಹೋಗದಿದ್ದರೆ ದುಡಿದವರ ಹಾಜರಿ ಬೀಳುವುದಿಲ್ಲ. ಕಾಯಕ ಬಂಧುವಾಗಿ ನಾನು ಏರಿಯ ಮೇಲಿನ ಒಂದೇ ಒಂದು ಜಾಗವನ್ನು ಗುರುತಿಸಿಟ್ಟುಕೊಂಡು ಎಲ್ಲರನ್ನೂ ಅಲ್ಲಿಗೆ ಹತ್ತಿಸಬೇಕಾಗುತ್ತಿತ್ತು. ತಪ್ಪಿದ ಹಾಜರಿಗಳ ಪಟ್ಟಿಯನ್ನು ಅದೇ ದಿನ ಬರೆದು ಪಂಚಾಯಿತಿಗೆ ಕೊಟ್ಟು, ಅದಕ್ಕೂ ರಶೀದಿ ತೆಗೆದುಕೊಳ್ಳುತ್ತಿದ್ದೆವು. ತಡವಾದ ಕೂಲಿಗೆ ಹದಿನಾರನೆಯ ದಿನದಿಂದ ದಿನಕ್ಕೆ ಶೇ. 0.05ರಷ್ಟು ಪರಿಹಾರ ಕೊಡಬೇಕೆಂಬ ನಿಯಮವಿತ್ತು. ಮೊತ್ತ ಬಹಳ ಸಣ್ಣದು, ಆದರೂ ಅದನ್ನೂ ಬರೆದು ಕೇಳಿದೆವು.

ಒತ್ತುವರಿಯಾದ ಎರಡನೆಯ ಕಾಲುವೆ ಇನ್ನೂ ತೆರೆದಿಲ್ಲ. ಅದಕ್ಕೆ ಗ್ರಾಮ ನಕಾಶೆಯ ಪ್ರತಿಯನ್ನು ಭೂದಾಖಲೆಗಳ ಕಚೇರಿಯಿಂದ ಪಡೆದಿದ್ದೇವೆ. ಕಾಲುವೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಳತೆ ಮಾಡಿ ಗಡಿ ಗುರುತಿಸಿ ಕೊಡಬೇಕೆಂದು ಗ್ರಾಮ ಸಭೆಯ ಠರಾವನ್ನು ಲಗತ್ತಿಸಿ ತಹಶೀಲ್ದಾರರಿಗೆ ಮನವಿ ಕೊಟ್ಟಿದ್ದೇವೆ. ಒತ್ತುವರಿ ಮಾಡಿದವರಲ್ಲಿ ಒಬ್ಬರು, ಅಳತೆಯಲ್ಲಿ ಬಂದಷ್ಟು ಬಿಟ್ಟುಕೊಡುತ್ತೇನೆಂದು ಗುಡಿಕಟ್ಟೆಯಲ್ಲಿ ಎಲ್ಲರೆದುರು ಹೇಳಿದ್ದಾರೆ, ಉಳಿದವರು ಒಪ್ಪಿಲ್ಲ. ಸರ್ವೇಯರ್ ಬರುವ ದಿನ ಗೊತ್ತಾದ ಕೂಡಲೇ ಹಳಬರನ್ನೆಲ್ಲ ಕರೆದುಕೊಂಡು ಸ್ಥಳದಲ್ಲಿ ಇರಬೇಕೆಂದು ಪ್ರತಿ ಓಣಿಗೂ ಒಬ್ಬೊಬ್ಬರಿಗೆ ಹೊಣೆ ಹಂಚಿದ್ದೇವೆ.